ಕಾಬೂಲಿನ ಜಗಳ, ಹೊಳೆಬಾಗಿಲಿನ ಇಂಗು

"ಮತ್ತೆ ಯಾರದು? ಒಂದು ಆಟ ನೆಟ್ಟಗೆ ಮುಗಿಸೋಕೆ ಬಿಡಲ್ಲವಲ್ಲ ನೀವು" ಎಂದು ಹೊಳೆಬಾಗಿಲಿನ ರಾಣಿ ಪದುಮಲಾದೇವಿ ಚನ್ನೆಮಣೆಯಿಂದ ತಲೆಯೆತ್ತಿದಳು. ಗೆಲ್ಲುವ ಆಟ ಅದು. ಎದುರು ಕೂತಿದ್ದ ಆಸ್ಥಾನಿಕ ದುಗ್ಗಯ್ಯನ ಗುಳಿಗಳೆಲ್ಲ ಬರಿದಾಗಿದ್ದವು.

ಬಾಗಿಲಲ್ಲಿ ತುಂಗಕ್ಕ ಎಂಬ ಬಾಣಂತಿ ನಿಂತಿದ್ದಳು. ತೋಳಲ್ಲಿದ್ದ ಕೂಸು ಅರಮನೆಯ ಹೆಂಚು ಹಾರುವಂತೆ ಅಳುತ್ತಿತ್ತು.

"ಹೊಟ್ಟೆ ಉಬ್ಬರಿಸಿದೆ ತಾಯಿ. ಹೊಕ್ಕುಳಿಗೆ ಹಚ್ಚೋಕೆ ಚೂರು ಇಂಗು ಬೇಕು. ಬೊಮ್ಮಣ್ಣ ಸೆಟ್ಟರು ಹೇಳೋ ಬೆಲೆಗೆ ಮನೆ ಮಾರಬೇಕು."

"ನಮ್ಮ ಅಡುಗೆಮನೆಯಿಂದ ಕೊಟ್ಟು ಕಳಿಸಿ."

"ಅಲ್ಲೂ ಮುಗಿದಿದೆ ತಾಯಿ" ಎಂದ ದುಗ್ಗಯ್ಯ. "ಸಾರು ಸಪ್ಪೆ ಅಂತ ನಿನ್ನೆ ಅಡುಗೆಯವನಿಗೆ ಬೈದಿರಲ್ಲ."

ರಾಣಿ ಸೆಟ್ಟಿಗೆ ಹೇಳಿಕಳಿಸಿದಳು. ಅರಮನೆಯಲ್ಲಿ ವ್ಯಾಪಾರ ಕುದುರೀತೆಂದು ಸೆಟ್ಟಿ ಇಂಗಿನ ಡಬ್ಬಿ ಸಮೇತ ಬಂದ.

"ನಾನೇನು ಮಾಡಲಿ ತಾಯಿ, ಇಂಗು ನನ್ನ ಹಿತ್ತಲಲ್ಲಿ ಬೆಳೆಯುತ್ತದೆಯೆ? ಕಾಬೂಲಿನಲ್ಲಿ ಅಣ್ಣತಮ್ಮಂದಿರು ಗದ್ದುಗೆಗೆ ಬಡಿದಾಡುತ್ತಿದ್ದಾರೆ. ಒಂಟೆ ಹೊರಡಲ್ಲ, ಹಡಗು ತುಂಬಲ್ಲ."

"ಬೆಲ್ಲದ ಬೆಲೆನೂ ಏರಿಸಿದಿರಲ್ಲ, ಅದಕ್ಕೇನಾಯಿತು ಸೆಟ್ಟರೆ?" ಎಂದಳು ತುಂಗಕ್ಕ. "ಅದೂ ಒಂಟೆ ಮೇಲೆ ಬರುತ್ತಾ?"

"ಒಂದೇ ಅಂಗಡಿಯ ಸರಕಮ್ಮ. ಪಕ್ಕದ್ದು ಏರಿದರೆ ಇದಕ್ಕೂ ಮನಸ್ಸಾಗುತ್ತೆ."

"ಸೆಟ್ಟರ ಮಾತು ನ್ಯಾಯವೇ" ಎಂದ ದುಗ್ಗಯ್ಯ. "ಬೆಳಿಗ್ಗೆ ಬಂದ ಹಡಗು ಕಾಬೂಲಿನ ಸುದ್ದಿ ತಂದಿದೆ."

ಯಾವ ಸುದ್ದಿ ಎಂದು ಕೇಳುವಷ್ಟು ತಾಳ್ಮೆ ಸೆಟ್ಟಿಗಿರಲಿಲ್ಲ. "ಜಗಳ ಜೋರಾಗಿರುತ್ತೆ, ಇನ್ನೇನು. ಹಾಗಾದರೆ ಇವತ್ತಿಂದ ಇನ್ನಷ್ಟು ಏರಿಸಬೇಕು."

"ಮಳಿಗೆಯಲ್ಲಿ ಇರೋದು ಜಗಳಕ್ಕೆ ಮುಂಚೆ ಅಗ್ಗಕ್ಕೆ ತಂದ ಇಂಗಲ್ಲವೆ?"

"ವ್ಯಾಪಾರ ನಿಮಗೆ ತಿಳಿಯದು ದುಗ್ಗಯ್ಯನವರೆ. ಬೆಲೆ ಕಟ್ಟೋದು ಮಳಿಗೆ ನೋಡಿ ಅಲ್ಲ, ಸುದ್ದಿ ನೋಡಿ."

"ರಾಣಿಯವರ ಮುಂದೆ ಆಡಿದ ಮಾತು."

"ಯಾರ ಮುಂದೆ ಬೇಕಾದರೂ ಆಡುತ್ತೇನೆ."

"ಹಾಗಾದರೆ ಸುದ್ದಿ ಕೇಳಿ. ಅಣ್ಣತಮ್ಮಂದಿರು ರಾಜಿಯಾದರು. ಒಂಟೆಗಳು ಆಗಲೇ ಹೊರಟಿವೆ."

ಸೆಟ್ಟಿ ಡಬ್ಬಿಯನ್ನು ಎದೆಗವಚಿಕೊಂಡ. "ಅದು ಸಂತೋಷವೇ. ಆದರೆ ಹಳೇ ಸರಕು ಮುಗಿಯೋವರೆಗೆ..."

"ಏರುವ ಸುದ್ದಿಯನ್ನು ರಾತ್ರೋರಾತ್ರಿ ಕೇಳಿಸಿಕೊಂಡ ಇಂಗು, ಇಳಿಯುವ ಸುದ್ದಿಗೆ ಕಿವುಡಾಯಿತೆ?"

ರಾಣಿ ನಕ್ಕ ರಭಸಕ್ಕೆ ಚನ್ನೆಕಾಯಿಗಳೆಲ್ಲ ಚೆಲ್ಲಾಪಿಲ್ಲಿಯಾದವು. "ಇವತ್ತೇ ಹಳೇ ಬೆಲೆ ಸೆಟ್ಟರೆ. ಬೆಲ್ಲಕ್ಕೂ."

ತುಂಗಕ್ಕ ಅಲ್ಲೇ ಕೂತು ಇಂಗು ಕಲಸಿ ಹಚ್ಚಿದಳು. ಕೂಸು ಎರಡು ಸಲ ಬಿಕ್ಕಿ ಸುಮ್ಮನಾಯಿತು.

"ಏನು ಬೇಕು ಕೇಳು ದುಗ್ಗಯ್ಯ" ಎಂದಳು ರಾಣಿ, ತನ್ನ ನ್ಯಾಯಕ್ಕೆ ತಾನೇ ಹಿಗ್ಗಿ.

"ಏನೂ ಬೇಡ ತಾಯಿ, ಒಂದು ಅನುಮಾನ ಅಷ್ಟೆ. ಕಾಬೂಲಿನ ಜಗಳದಿಂದ ಹಡಗು ಕಡಿಮೆಯಾದವು ಅಂತ ಬಂದರಿನ ಸುಂಕವನ್ನು ನೀವು ಇಮ್ಮಡಿ ಮಾಡಿದಿರಿ."

ಸೆಟ್ಟಿ ಮೆಲ್ಲಗೆ ತಲೆಯೆತ್ತಿದ. ಹೊರಟಿದ್ದ ತುಂಗಕ್ಕ ಹೊಸ್ತಿಲಲ್ಲೇ ನಿಂತಳು. ರಾಣಿ ಚೆಲ್ಲಿದ ಚನ್ನೆಕಾಯಿಗಳನ್ನು ಆರಿಸತೊಡಗಿದಳು.

ದುಗ್ಗಯ್ಯ ಕೈಮುಗಿದು ಕೇಳಿದ: "ಇವತ್ತಿನ ಸುದ್ದಿ ಸುಂಕದ ಕಟ್ಟೆಗೆ ಯಾವಾಗ ಕೇಳಿಸುತ್ತದೆ ತಾಯಿ?"