ಅರ್ಧ ಕಾಯಿಲಿನ ಒಗಟು

"ಕೇಳಿರಿ ಹೊಂಗೆಕೋಟೆಯ ಜನರೇ! ದೊರೆ ಕೆಂಚಪ್ಪ ನಾಯಕರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ, ದುಗ್ಗಪ್ಪನ ಬಿಡುಗಡೆಯೊಂದನ್ನು ಬಿಟ್ಟು, ಕೇಳಿದ್ದು ಕೊಡುತ್ತಾರೆ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ದುಗ್ಗಪ್ಪನ ಪಕ್ಕದಲ್ಲೇ ಗಲ್ಲು!"

ಹೀಗೆಂದು ಊರೆಲ್ಲ ಡಂಗುರ ಹೊಡೆಸಿದರು. ದುಗ್ಗಪ್ಪ ಮಾಡಿದ ತಪ್ಪೇನು ಅಂತ ಕೇಳುತ್ತೀರಿ. ಹೇಳುವುದಕ್ಕೆ ನನಗೇ ಹೇಸಿಗೆ, ಆದರೂ ಹೇಳುತ್ತೇನೆ.

ಆ ದೊರೆಗೆ ದಿನಕ್ಕೆ ಮೂರು ಸಲ ಬಿಸಿನೀರಿನ ಸ್ನಾನ ಆಗಬೇಕು. ಮೈತುಂಬ ಹರಳೆಣ್ಣೆ ಬಳಿದುಕೊಂಡು ಅವನು ಮಿಂದ ನೀರು ಮೋರಿಗೆ ಹೋಗುವಂತಿರಲಿಲ್ಲ. ಅದನ್ನು ಹಂಡೆಗಳಲ್ಲಿ ಹಿಡಿದಿಡುತ್ತಿದ್ದರು. ಆಸ್ಥಾನದವರು ಬೆಳ್ಳಿ ಬಟ್ಟಲು ಹಿಡಿದು ಸಾಲಾಗಿ ನಿಂತು, ತೀರ್ಥ ಅಂತ ಅದನ್ನೇ ಕುಡಿಯುತ್ತಿದ್ದರು. ಥೂ! ಕುಡಿದು ಮಿಕ್ಕಿದ್ದನ್ನು ಕಣ್ಣಿಗೂ ಒತ್ತಿಕೊಳ್ಳುತ್ತಿದ್ದರು. ಎಲ್ಲರಿಗಿಂತ ದೊಡ್ಡ ಬಟ್ಟಲು ದೊರೆಯ ಭಾವಮೈದ, ಮಂತ್ರಿ ಪಂಪಣ್ಣನದು.

ನೀರು ಕಾಯಿಸುವ ಕಾಯಿಲು ಬಹಳ ಕರೆಂಟು ತಿನ್ನುತ್ತದೆ ಅಂತ ಈ ಪಂಪಣ್ಣ ಅದನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದ. ಅರ್ಧ ಕಾಯಿಲಿಗೆ ಅರ್ಧವೇ ಖರ್ಚು ಅಂತ ಸಭೆಯಲ್ಲಿ ಕೊಚ್ಚಿಕೊಂಡ. ಅವತ್ತಿನಿಂದ ಫ್ಯೂಸು ಮೇಲಿಂದ ಮೇಲೆ ಹೋಗತೊಡಗಿತು. ಫ್ಯೂಸಿನ ಜಾಗಕ್ಕೆ ಪಂಪಣ್ಣ ದಪ್ಪ ತಂತಿ ಸುತ್ತಿಸಿದ. ಮೂರನೆಯ ದಿನ ಬೆಳಿಗ್ಗೆ ಗೋಡೆಯೊಳಗಿನ ತಂತಿ ಕಾದು ಬಚ್ಚಲುಮನೆಯ ಚಾವಣಿಗೆ ಬೆಂಕಿ ಹತ್ತಿತು. ಅರಮನೆಯ ಕರೆಂಟು ನೋಡಿಕೊಳ್ಳುತ್ತಿದ್ದವನು ದುಗ್ಗಪ್ಪ. ಕಾಯಿಲು ಕಡಿದದ್ದೇ ಇದಕ್ಕೆ ಕಾರಣ ಅಂದ ಅವನು. ಕಡಿಮೆ ಕಾಯಿಲು ಹೆಚ್ಚು ಸುಡುತ್ತದೆಯೇ ಅಂತ ಸಭೆಗೆ ಸಭೆಯೇ ನಕ್ಕು, ತಪ್ಪನ್ನು ಅವನ ತಲೆಗೇ ಕಟ್ಟಿ, ಗಲ್ಲಿನ ತೀರ್ಪು ಕೊಟ್ಟು, ಎರಡು ತಿಂಗಳು ಕತ್ತಲೆಕೋಣೆಯಲ್ಲಿ ಕೊಳೆಹಾಕಿತು. ತನ್ನ ಜಾಣತನ ಮೆರೆಸಲಿಕ್ಕೆ ಒಗಟು ಕಟ್ಟಿದವನೂ ಪಂಪಣ್ಣನೇ. ಉತ್ತರಗಳನ್ನು ಚೀಟಿಯಲ್ಲಿ ಬರೆದು ಮೊಹರು ಹಾಕಿ ದೊರೆಯ ಕೈಗೆ ಕೊಟ್ಟಿದ್ದ.

ದೊರೆ ಮೊದಲ ಒಗಟು ಹೇಳಿದ: "ಹಿಂದಿನಿಂದ ತಳ್ಳುವವನು ಇನ್ನೂರ ನಲವತ್ತು ವೋಲ್ಟ್. ಮುಂದೆ ಹರಿಯುವವನು ಹತ್ತು ಆಂಪಿಯರ್. ನಡುವೆ ಅಡ್ಡ ನಿಂತವನು ಯಾರು, ಎಷ್ಟು?"

ಒಬ್ಬ ವೇದಾಂತಿ ಬಂದ. ತಳ್ಳುವವನು ದೇವರು, ಹರಿಯುವವನು ಜೀವ, ಅಡ್ಡ ನಿಂತದ್ದು ಮಾಯೆ ಅಂತ ಒಂದು ಗಂಟೆ ಕೊರೆದ. ಎಷ್ಟು ಅಂತ ಕೇಳಿದರೆ, ಅನಂತ ಅಂದ. ಅವನನ್ನು ಎಳೆದುಕೊಂಡು ಹೋದರು. ಜವಳಿ ಸಾಹುಕಾರನ ಮಗ ಬಂದು ಎರಡನ್ನೂ ಕೂಡಿಸಿ ಇನ್ನೂರ ಐವತ್ತು ಅಂದ. ಅವನನ್ನೂ ಎಳೆದುಕೊಂಡು ಹೋದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಅಮಾವಾಸ್ಯೆಗೆ ಒಂದು ದಿನ ಇರುವಾಗ ದುಗ್ಗಪ್ಪನ ತಮ್ಮ ಹಾಲಪ್ಪ ಬಂದ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಹೊಟ್ಟೆ ಹೊರೆಯುವವನು. ಕೈಗೆ ಮೆತ್ತಿದ ವಾರ್ನಿಷಿನ ವಾಸನೆಗೆ ಆಸ್ಥಾನದವರು ಶಾಲಿನಿಂದ ಮೂಗು ಮುಚ್ಚಿಕೊಂಡರು. ಬೆಳಿಗ್ಗೆ ಅವರು ಏನು ಕುಡಿದು ಬಂದಿದ್ದರು ಅಂತ ನಿಮಗೆ ಗೊತ್ತಲ್ಲ.

"ಅಡ್ಡ ನಿಂತದ್ದು ಕಾಯಿಲಿನ ತಡೆ, ಬುದ್ಧಿ," ಅಂದ ಹಾಲಪ್ಪ. "ವೋಲ್ಟನ್ನು ಆಂಪಿಯರಿನಿಂದ ಭಾಗಿಸಬೇಕು. ಇಪ್ಪತ್ತನಾಲ್ಕು ಓಮ್."

ದೊರೆ ಮೊಹರಿನ ಚೀಟಿ ಬಿಚ್ಚಿ ನೋಡಿದ. ಸರಿಯಿತ್ತು. ಇರದೆ ಏನು, ಪಂಪಣ್ಣ ಅದನ್ನು ಕಾಯಿಲು ಬಂದ ಡಬ್ಬಿಯ ಮೇಲಿಂದ ನಕಲು ಮಾಡಿದ್ದ.

"ತಳ್ಳುವವನೂ ಹರಿಯುವವನೂ ಕೂಡಿದರೆ ಹುಟ್ಟುವ ಸಾಮರ್ಥ್ಯ ಎಷ್ಟು?"

"ಎರಡನ್ನೂ ಗುಣಿಸಬೇಕು, ಬುದ್ಧಿ. ಎರಡು ಸಾವಿರದ ನಾನೂರು ವ್ಯಾಟ್."

ಅದೂ ಡಬ್ಬಿಯ ಮೇಲೆ ಇದ್ದದ್ದೇ.

"ತಳ್ಳುವವನು ಅಷ್ಟೇ ಇದ್ದು, ಅಡ್ಡ ನಿಂತವನನ್ನು ಅರ್ಧಕ್ಕೆ ಕಡಿದರೆ ಸಾಮರ್ಥ್ಯ ಎಷ್ಟಾಗುತ್ತದೆ?"

ಪಂಪಣ್ಣನ ಚೀಟಿಯಲ್ಲಿ ಅರ್ಧ ಅಂತ ಇರುತ್ತದೆ ಅಂತ ಹಾಲಪ್ಪನಿಗೆ ಗೊತ್ತು. ಹಾಗೇ ಅಂದುಬಿಟ್ಟರೆ ಜೀವ ಉಳಿಯುತ್ತದೆ, ಕೇಳಿದ್ದೂ ಸಿಗುತ್ತದೆ. ಆದರೆ ಅಣ್ಣ ಸುಳ್ಳುಗಾರನಾಗಿ ನೇತಾಡುತ್ತಾನೆ, ಅದಕ್ಕೆ ತಮ್ಮನೇ ಸಾಕ್ಷಿ ಹೇಳಿದ ಹಾಗೆ ಆಗುತ್ತದೆ. ಎದುರಿಗೆ ನಗುತ್ತಿದ್ದ ಪಂಪಣ್ಣನನ್ನು ನೇರವಾಗಿ ನೋಡಿದ.

"ನಾಲ್ಕು ಸಾವಿರದ ಎಂಟುನೂರು," ಅಂದ.

ಚೀಟಿಯಲ್ಲಿ ಇದ್ದದ್ದು ಸಾವಿರದ ಇನ್ನೂರು. ಪಂಪಣ್ಣ ಚಪ್ಪಾಳೆ ತಟ್ಟಿ ಕಾವಲಿನವರನ್ನು ಕರೆದ.

"ನನ್ನ ಕುತ್ತಿಗೆ ಎಲ್ಲಿಗೂ ಓಡಿಹೋಗುವುದಿಲ್ಲ, ಬುದ್ಧಿ. ಮೊದಲು ನೀರು ಕಾಯಿಸಿ ನೋಡಿ."

ದೊರೆಗೆ ಕುತೂಹಲ ಹುಟ್ಟಿತು. ಹಾಲಪ್ಪ ಗಟ್ಟಿ ತಂತಿ ಎಳೆದು, ಒಂದು ಹಂಡೆಗೆ ಅಂಥದ್ದೇ ಹೊಸ ಪೂರಾ ಕಾಯಿಲು, ಇನ್ನೊಂದಕ್ಕೆ ಅರ್ಧ ಕಾಯಿಲು ಇಳಿಬಿಟ್ಟ. ಬಾವಿ ದೂರ ಅಂತ ಆಳುಗಳು ತೀರ್ಥದ ನೀರನ್ನೇ ಎರಡಕ್ಕೂ ಸಮನಾಗಿ ಸುರಿದರು. ಅರ್ಧ ಕಾಯಿಲಿನ ಹಂಡೆ ಕೊತಕೊತ ಕುದಿಯಿತು. ಪೂರಾ ಕಾಯಿಲಿನದು ಸ್ನಾನದ ಬಿಸಿ ದಾಟಿತ್ತು, ಅಷ್ಟೇ. ಕುದಿದ ತೀರ್ಥದಿಂದ ಹಳೇ ಬೆವರು, ಕಮಟು ಎಣ್ಣೆಯ ನಾತ ಎದ್ದು ಸಭೆಯೆಲ್ಲ ತುಂಬಿತು. ವರ್ಷಗಟ್ಟಲೆ ಅದನ್ನೇ ಕುಡಿದವರು ಕಂಬ ಹಿಡಿದುಕೊಂಡು ವಾಂತಿ ಮಾಡಿದರು.

"ಏನಿದು ನಾತ?" ಅಂದ ದೊರೆ.

"ತಮ್ಮದೇ, ಬುದ್ಧಿ."

ಹಾಲಪ್ಪ ಬಿಡಿಸಿ ಹೇಳಿದ. ತಡೆ ಅರ್ಧವಾದರೆ ಹನ್ನೆರಡು ಓಮ್. ಅಡ್ಡ ನಿಂತವನು ಸಣ್ಣವನಾದ, ಹರಿಯುವವನು ಇಮ್ಮಡಿಯಾದ, ಹತ್ತು ಹೋಗಿ ಇಪ್ಪತ್ತು ಆಂಪಿಯರ್. ಇಪ್ಪತ್ತನ್ನು ಇನ್ನೂರ ನಲವತ್ತರಿಂದ ಗುಣಿಸಿದರೆ ನಾಲ್ಕು ಸಾವಿರದ ಎಂಟುನೂರು ವ್ಯಾಟ್. ಹತ್ತು ಹರಿಯಬೇಕಾದ ತಂತಿಯಲ್ಲಿ ಇಪ್ಪತ್ತು ಹರಿಯಿತು. ಬೇಡ ಬೇಡ ಅಂತ ಫ್ಯೂಸು ಮೇಲಿಂದ ಮೇಲೆ ಹೇಳಿತು, ಅದರ ಬಾಯಿ ಮುಚ್ಚಿಸಿದವರು ಮಂತ್ರಿಗಳು.

ದೊರೆ ಮೂಗು ಹಿಡಿದುಕೊಂಡೇ ಅಪ್ಪಣೆ ಮಾಡಿದ. ದುಗ್ಗಪ್ಪ, ವೇದಾಂತಿ, ಸಾಹುಕಾರನ ಮಗ ಹೊರಗೆ ಬಂದರು, ಪಂಪಣ್ಣ ಒಳಗೆ ಹೋದ. ಅರಮನೆಯ ಕರೆಂಟಿನ ಅಧಿಕಾರ ಅಣ್ಣತಮ್ಮಂದಿರಿಗೆ ಸಿಕ್ಕಿತು. ಇನ್ನೇನು ಬೇಕು, ಕೇಳು ಅಂದ ದೊರೆ.

ಹಾಲಪ್ಪ ಅಣ್ಣನ ಕಡೆ ನೋಡಿದ. ಎರಡು ತಿಂಗಳಿಂದ ನೀರು ಕಾಣದ ಮೈ, ಗಂಟುಗಂಟಾದ ಕೂದಲು, ಅದರ ತುಂಬ ಹೇನು.

"ನಮ್ಮಣ್ಣ ತಮ್ಮ ಬಚ್ಚಲಲ್ಲಿ ಸ್ನಾನ ಮಾಡಬೇಕು, ಬುದ್ಧಿ. ಬಾವಿಯ ನೀರು, ಪೂರಾ ಕಾಯಿಲು."

ದುಗ್ಗಪ್ಪ ಅಳುತ್ತಾ ಮಿಂದ. ಹಾಲಪ್ಪನೇ ಬೆನ್ನು ತಿಕ್ಕಿದ. ಆರು ಹಂಡೆ ಕಪ್ಪು ನೀರು ಹೇನು, ಕೊಳೆ ಎಲ್ಲ ಹೊತ್ತು ಹೊರಗೆ ಹರಿಯಿತು. ಏಳನೆಯದಕ್ಕೆ ನೀರು ತರಲು ಹಾಲಪ್ಪ ಬಾಗಿಲು ತೆಗೆದ. ಮೋರಿಯ ಬಾಯಲ್ಲಿ ಆಸ್ಥಾನದವರು ಬೆಳ್ಳಿ ಬಟ್ಟಲು ಹಿಡಿದು ಸಾಲಾಗಿ ನಿಂತಿದ್ದರು. ಮುಂದಿದ್ದವನು ಆಗಲೇ ಕುಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

ಇಷ್ಟೇ ಕತೆ. ನಾನು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬರುತ್ತೇನೆ.