ಮಾನಿಟರ್ ತಿಂದ ಏಟು

ಲಗ್ನಪತ್ರಿಕೆ ಅಚ್ಚು ಹಾಕುವ ಮಲ್ಲಿನಾಥಪ್ಪನ ಅಂಗಡಿಯಲ್ಲಿ ಒಂದು ಮಾನಿಟರ್ ಇತ್ತು. ಕಂಪ್ಯೂಟರಿನಿಂದ ಚಿತ್ರ ಬಾರದಾಗಲೆಲ್ಲ ಅದು “ಸಿಗ್ನಲ್ ಇಲ್ಲ” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. ಹೇಳಿದ್ದೇ ತಡ, ಮಲ್ಲಿನಾಥಪ್ಪ ಅದರ ನೆತ್ತಿಗೆ ಫಟೀರನೆ ಬಾರಿಸುತ್ತಿದ್ದ. ಆ ಏಟಿಗೆ ಅದುರಿ, ಬೆನ್ನ ಹಿಂದೆ ಸಡಿಲವಾಗಿದ್ದ ಕೇಬಲ್ ಕೂಡಿಕೊಂಡು ಚಿತ್ರ ಮೂಡುತ್ತಿತ್ತು. “ನೋಡಿದಿರಾ, ಒದೆ ಬಿದ್ದರೇ ಇದಕ್ಕೆ ಬುದ್ಧಿ!” ಎಂದು ಅವನು ಗಿರಾಕಿಗಳೆದುರು ಬೀಗುತ್ತಿದ್ದ.

ಒಂದು ದಿನ ಮಾನಿಟರ್ ಕೇಬಲ್ ಮೇಲೆ ಹರಿಹಾಯ್ದಿತು: “ಥೂ! ಜಾರುವವನು ನೀನು, ಏಟು ತಿನ್ನುವವನು ನಾನು. ನಾಚಿಕೆಯಾಗುವುದಿಲ್ಲವೇ ನಿನಗೆ?”

“ನನ್ನ ಎರಡು ತಿರುಪು ಬಿಗಿಯಲು ಅವನಿಗೆ ಪುರುಸೊತ್ತಿಲ್ಲ, ನಿನಗೆ ಹೊಡೆಯಲು ಇದೆ. ಅದಕ್ಕೆ ನಾನೇನು ಮಾಡಲಿ? ನೀನೂ ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರು,” ಎಂದಿತು ಕೇಬಲ್.

“ಇಲ್ಲದ್ದನ್ನು ಇಲ್ಲ ಎನ್ನದೆ ಇರಲು ನನ್ನಿಂದಾಗದು!” ಎಂದು ಮಾನಿಟರ್ ಗುಡುಗಿತು. ಮರುದಿನವೂ “ಸಿಗ್ನಲ್ ಇಲ್ಲ” ಎಂದೇ ಹೇಳಿತು. ಆ ದಿನದ ಏಟಿಗೆ ಅದರ ಗಾಜು ಬಿರುಕು ಬಿಟ್ಟಿತು.

ಮಲ್ಲಿನಾಥಪ್ಪ ಅದನ್ನು ಗುಜರಿ ಚೀಲಕ್ಕೆ ತುರುಕಿ, ಹೊಸ ಮಾನಿಟರ್ ತಂದು, ಅದೇ ಕೇಬಲ್ಲನ್ನು ಹಾಗೆಯೇ ಸಡಿಲವಾಗಿ ಸಿಕ್ಕಿಸಿದ. ಹೊಸದು ಕಣ್ಣು ತೆರೆದು, “ಸಿಗ್ನಲ್ ಇಲ್ಲ,” ಎಂದಿತು. ಅವನ ಕೈ ಮೇಲೆದ್ದಿತು.

ಚೀಲದೊಳಗಿಂದ ಹಳೆಯದು ಅರಚಿತು: “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ. ಈಗ ಎಮ್ಮೆಯನ್ನೇ ಬದಲಾಯಿಸಿದೆ. ಎಲವೋ ಮೂರ್ಖ, ಒಂದು ಸಲವಾದರೂ ಆ ಎತ್ತಿನ ಮೈ ಮುಟ್ಟಿ ನೋಡಿದೆಯಾ?”