ಹೊಸದು ಮಾಡಿದ ನಕ್ಷೆ

"ಗುರುಗಳೇ, ಪ್ರತಿ ಸಲ ನೆರೆ ಇಳಿದ ಮೇಲೆ ಹೊಳೆಯ ದಂಡೆಯುದ್ದಕ್ಕೂ ಅಲೆದು, ನೀರು ಎಲ್ಲಿಯವರೆಗೆ ಏರಿತ್ತೆಂದು ಹೊಸ ನಕ್ಷೆ ಬರೆಯಲೇಬೇಕೆ? ಹಳೆಯದು ಇದೆಯಲ್ಲ, ಅದನ್ನೇ ನೋಡಿ ಬರೆದರೆ ಸಾಲದೆ? ನನಗಂತೂ ಸಾಕುಸಾಕಾಗಿದೆ."

ಕೇಳಿದವನು ಶಿಷ್ಯ ಮಡಿವಾಳಯ್ಯ. ನೆರೆ ನುಗ್ಗಿದ ಊರುಗಳನ್ನು ತಿರುಗಿ ಬಂದ ಗುರುಗಳ ದನಿಯೂ ಬಿದ್ದುಹೋಗಿತ್ತು. "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ದಂಡೆಯ ಮೇಲೆಯೇ ಇದ್ದ ಅವನ ಮನೆಯೂ ಮಡಕೆ ಸುಡುವ ಆವಿಗೆಯೂ ಒಂದು ನೆರೆಗೆ ಕೊಚ್ಚಿಹೋದವು. ಬಡವನ ಮನೆ ಮತ್ತೆ ಏಳುವುದೆಂದರೆ ಸುಮ್ಮನೆಯೇ? ಗಂಡ ಹೆಂಡತಿ ಕೂಲಿನಾಲಿ ಮಾಡಿದರು, ಅರೆಹೊಟ್ಟೆ ಉಂಡರು. ಕೊನೆಗೆ ಹೆಂಡತಿ ಹೇಳಿದಳು: "ನೋಡಿ, ಇದೊಂದು ಸಲ ಕಟ್ಟೋಣ. ಇದೂ ಹೋದರೆ ಮತ್ತೆ ನನ್ನ ಕೈಲಾಗದು. ನೀರು ಬಾರದ ಜಾಗ ಯಾವುದೆಂದು ವಿಚಾರಿಸಿಕೊಂಡು ಬನ್ನಿ."

ಆ ಊರಿನ ಚಾವಡಿಯ ಗೋಡೆಯ ಮೇಲೆ ನೆರೆಯ ನಕ್ಷೆ ಇತ್ತು. ನೀರು ಏರುವ ಎಲ್ಲೆಗೆ ನೀಲಿ ಗೆರೆ. ಹಬ್ಬಕ್ಕೆ ಚಾವಡಿಗೆ ಸುಣ್ಣ ಬಳಿಯುವಾಗ ನಕ್ಷೆಯನ್ನೂ ಹೊಸದು ಮಾಡುವುದು ರೂಢಿ. ಕುಂಬಾರ ಅದರ ಮುಂದೆ ಬಹಳ ಹೊತ್ತು ನಿಂತು, ಶಾನುಭೋಗನನ್ನು ಕೇಳಿದ: "ಸ್ವಾಮಿ, ಇದು ಹಳೆಯದೋ, ಹೊಸದೋ?"

"ಅಯ್ಯೋ ಮಾರಾಯ, ಮೊನ್ನೆ ತಾನೆ ಹೊಸದು ಮಾಡಿಸಿದ್ದೇನೆ. ಮುಟ್ಟಬೇಡ, ಕೈಗೆ ಬಣ್ಣ ಹತ್ತೀತು."

ಕುಂಬಾರನಿಗೆ ಹೋದ ಜೀವ ಬಂದಂತಾಯಿತು. ನೀಲಿ ಗೆರೆಯ ಆಚೆಗೆ ಜಾಗ ಹಿಡಿದ. ಮನೆ ಎದ್ದಿತು, ಆವಿಗೆಯೂ ಎದ್ದಿತು. ಹೊಳೆಯಾದರೋ ವರ್ಷಗಳು ಕಳೆದಂತೆ ಹೂಳು ತುಂಬಿಕೊಂಡು, ಆಚೆಯ ದಂಡೆ ಬಿಟ್ಟು ಊರಿನ ಕಡೆಗೆ ಸರಿದಿತ್ತು. ಯಾರೂ ಹೋಗಿ ನೋಡಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ನೀರು ಗೆರೆ ದಾಟಿ ಬಂತು. ಜೀವ ಉಳಿಯಿತು, ಅಷ್ಟೇ. ಹೆಂಡತಿ ಬಿದ್ದ ಗೋಡೆಯ ಮೇಲೆ ಕೂತುಬಿಟ್ಟಳು. ಅವಳು ಮತ್ತೆಂದೂ ಮಣ್ಣು ಕಲಸಲಿಲ್ಲ.

ಕುಂಬಾರ ಚಾವಡಿಗೆ ಹೋದ. ಜಗಳವಾಡುವ ತ್ರಾಣವೂ ಅವನಲ್ಲಿರಲಿಲ್ಲ. "ಹೊಸದು ಅಂದಿರಲ್ಲ ಸ್ವಾಮಿ" ಎಂದ.

ಶಾನುಭೋಗ ತಲೆ ತಗ್ಗಿಸಿದ. "ಹೊಸದೇ ಕಣಪ್ಪ. ಹಳೆಯ ಗೆರೆ ಒಂದಿಷ್ಟೂ ತಪ್ಪದ ಹಾಗೆ ಅದರ ಮೇಲೆಯೇ ಬಣ್ಣ ಬಳಿಸಿದ್ದೆ. ವರ್ಷಾ ವರ್ಷಾ ಹಾಗೇ ಮಾಡಿಸುತ್ತೇನೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಮೈಯೆಲ್ಲ ಉರಿದುಹೋಯಿತು. "ಎಂಥ ಮನುಷ್ಯ ಗುರುಗಳೇ ಅವನು! ಒಂದು ಸಲ ಹೋಗಿ ಹೊಳೆ ನೋಡಿಕೊಂಡು ಬರಲು ಏನು ದಾಡಿಯಾಗಿತ್ತು ಅವನಿಗೆ?"

"ಪಾಪ, ಅವನೂ ದಣಿದಿದ್ದ ಕಣಪ್ಪ" ಎಂದರು ಗುರುಗಳು.